ದೆವ್ವ ಹೇಳಿ ಬರೆಸಿದ ಪಟ್ಟಿ

1610ರ ಡಿಸೆಂಬರ್. ದಕ್ಷಿಣ ಫ್ರಾನ್ಸಿನ ಸೇಂಟ್ ಬೋಮ್ ಎಂಬಲ್ಲಿ ಬೆಟ್ಟದ ಗವಿಯೊಳಗೊಂದು ಪೂಜಾಸ್ಥಳ. ಮಗ್ದಲದ ಮರಿಯಳು ಕೊನೆಗಾಲ ಕಳೆದದ್ದು ಇಲ್ಲೇ ಎಂಬುದು ಆ ಸೀಮೆಯ ನಂಬಿಕೆ. ಮ್ಯಾಡ್‌ಲೆನ್ ಎಂಬ, ಇನ್ನೂ ಇಪ್ಪತ್ತು ತುಂಬದ ಸನ್ಯಾಸಿನಿಯನ್ನು ಅಲ್ಲಿಗೆ ಕರೆತಂದಿದ್ದಾರೆ. ಅವಳ ಮೈಯಲ್ಲಿ ದೆವ್ವ ಸೇರಿದೆಯಂತೆ, ಅದೂ ಒಂದಲ್ಲ. ಬಿಡಿಸುವ ಕೆಲಸದ ಉಸ್ತುವಾರಿ ಸೆಬಾಸ್ಟಿಯನ್ ಮಿಕೇಲಿಸ್ ಎಂಬ ಡೊಮಿನಿಕನ್ ಗುರುವಿನದು. ಹುಡುಗಿಯ ಬಾಯಿಂದ ಬೆರಿತ್ ಎಂಬ ದೆವ್ವ ಮಾತಾಡತೊಡಗಿತು. ತಾನು ಯಾರೆಂದು ಹೇಳಿ ಸುಮ್ಮನಾಗಲಿಲ್ಲ. ಯಾರು ಯಾವ ಅಂತಸ್ತಿನವನು, ಯಾರ ಪಾಲಿಗೆ ಯಾವ ಪಾಪ, ಯಾರನ್ನು ಓಡಿಸಲು ಯಾವ ಸಂತನನ್ನು ನೆನೆಯಬೇಕು ಎಂದು ನರಕದ ದರ್ಬಾರನ್ನೇ ಸಾಲಾಗಿ ಪರಿಚಯಿಸಿತು. ಅಹಂಕಾರ ಬೆಲ್ಜೆಬೂಬನದು, ಅವನೆದುರು ಅಸಿಸಿಯ ಫ್ರಾನ್ಸಿಸ್. ಕಾಮ ಅಸ್ಮೊದೇಯನದು, ಅವನೆದುರು ಸ್ನಾನಿಕ ಯೋಹಾನ. ಮನುಷ್ಯರ ತಾಳ್ಮೆ ಕೆಡಿಸುವವನು ವೆರಿನ್, ಅವನೆದುರು ಸಂತ ಡೊಮಿನಿಕ್. ಎದುರಿಗೆ ಕೂತವರು ಯಾವ ಸಂಘದವರು ಎಂಬುದು ದೆವ್ವಕ್ಕೆ ಚೆನ್ನಾಗಿ ನೆನಪಿತ್ತು ಅನ್ನಿಸುತ್ತದೆ.

ಮಿಕೇಲಿಸ್ ಈ ಪಟ್ಟಿಯನ್ನು 1613ರ ತನ್ನ ಪುಸ್ತಕದಲ್ಲಿ ಅಚ್ಚು ಹಾಕಿಸಿದ. ಕ್ರೈಸ್ತ ದೆವ್ವಗಳ ವರ್ಗೀಕರಣ ಎಂದಾಗ ಇಂದಿಗೂ ಇದನ್ನು ಉದಾಹರಿಸುವವರಿದ್ದಾರೆ. ಆದರೆ ಯೋಹಾನನ ಸುವಾರ್ತೆಯಲ್ಲಿ ಯೇಸು ಸೈತಾನನನ್ನು ಸುಳ್ಳಿನ ತಂದೆ ಎಂದು ಕರೆಯುತ್ತಾನೆ. ಆ ಮಾತನ್ನು ಬಲ್ಲ ಗುರು, ಆ ತಂದೆಯ ಮಗನೊಬ್ಬ ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡ. ಕಳ್ಳನನ್ನು ಕೂರಿಸಿಕೊಂಡು ಊರಿನ ಸಜ್ಜನರ ಪಟ್ಟಿ ಕೇಳಿದಂತಾಯಿತು. ನಗಲು ಹೋದರೆ ಮುಂದಿನ ಸಂಗತಿ ತಡೆಯುತ್ತದೆ. ಇದೇ ಪ್ರಕರಣದ ದೆವ್ವಗಳು ಮಾರ್ಸೇಯಿನ ಲೂಯಿ ಗೋಫ್ರಿದಿ ಎಂಬ ಪಾದ್ರಿಯನ್ನು ಮಾಂತ್ರಿಕನೆಂದು ಹೆಸರಿಸಿದ್ದವು. ಆ ಮಾತನ್ನೂ ನಂಬಿದರು. 1611ರ ಏಪ್ರಿಲ್ 30ರಂದು ಎಕ್ಸ್ ಪಟ್ಟಣದಲ್ಲಿ ಅವನನ್ನು ಸುಟ್ಟರು.

ದೆವ್ವ ಇದೆಯೇ ಇಲ್ಲವೇ ಎಂಬ ಜಗಳ ನನಗೆ ಬೇಡ; ಅದು ನಂಬುವವರಿಗೂ ನಂಬದವರಿಗೂ ಬಿಟ್ಟದ್ದು. ನನ್ನ ತಕರಾರು ಪಟ್ಟಿಯ ಬಗ್ಗೆ. ಕ್ರೈಸ್ತ ಸಿದ್ಧಾಂತ ದೆವ್ವದ ಸ್ವರೂಪದ ಬಗ್ಗೆ ಹೇಳುವುದಕ್ಕೂ ದೆವ್ವಗಳನ್ನು ಜಾತಿ, ಅಂತಸ್ತು, ಖಾತೆಗಳಾಗಿ ವಿಂಗಡಿಸಿದ ಪಟ್ಟಿಗಳಿಗೂ ಹೊಂದಿಕೆಯಿಲ್ಲ. ಆ ಪಟ್ಟಿಗಳು ಆಯಾ ಕಾಲದವರಿಗೆ ಯಾರ ಮೇಲೆ ಸಿಟ್ಟಿತ್ತು, ಯಾರ ಭಯವಿತ್ತು ಎಂಬುದರ ದಾಖಲೆಗಳು. ಇದಕ್ಕೆ ಒಂದು ದೊಡ್ಡ ಅಪವಾದವುಂಟು. ಅದು ಈಜಿಪ್ಟಿನ ಮರುಭೂಮಿಯಲ್ಲಿ ಹುಟ್ಟಿದ್ದು. ಅದರ ಮಾತು ಆಮೇಲೆ.

ಮೊದಲು ಸ್ವರೂಪ. ಹಳೆಯ ಒಡಂಬಡಿಕೆಯಲ್ಲಿ ದೆವ್ವಗಳ ಸುದ್ದಿ ಆಶ್ಚರ್ಯವಾಗುವಷ್ಟು ಕಡಿಮೆ. ಯೋಬನ ಗ್ರಂಥದಲ್ಲಿ ಬರುವ ಸೈತಾನ ನರಕದ ಒಡೆಯನಲ್ಲ. ದೇವರ ಸಭೆಗೆ ಬಂದು ಹೋಗುವ, ಆಪಾದನೆ ಹೊರಿಸುವ ಕೆಲಸದ ಒಬ್ಬ ಹುದ್ದೆದಾರ, ಹೆಚ್ಚುಕಡಿಮೆ ಸರ್ಕಾರಿ ವಕೀಲನಂತೆ. ಹೀಬ್ರೂವಿನಲ್ಲಿ ಅದು ಹೆಸರೂ ಅಲ್ಲ, ಪದವಿ. ಕೆಟ್ಟ ಆತ್ಮಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಉತ್ತರ ಹೇಳಿದ್ದು ಹನೋಕನ ಹೆಸರಿನಲ್ಲಿರುವ ಪುಸ್ತಕ. ಅದರ ಪ್ರಕಾರ 200 ದೇವದೂತರು ಮನುಷ್ಯ ಹೆಣ್ಣುಗಳ ಮೋಹಕ್ಕೆ ಬಿದ್ದು ಹೆರ್ಮೋನ್ ಬೆಟ್ಟದ ಮೇಲೆ ಇಳಿದರು. ಅವರಿಗೆ ರಾಕ್ಷಸ ಗಾತ್ರದ ಮಕ್ಕಳು ಹುಟ್ಟಿದರು. ಆ ಮಕ್ಕಳು ಸತ್ತ ಮೇಲೆ ಅವರ ಆತ್ಮಗಳೇ ದೆವ್ವಗಳಾದವು. ನಮ್ಮ ಪುರಾಣ ಕೇಳಿ ಬೆಳೆದವರಿಗೆ ಇದು ತೀರಾ ಒಗ್ಗುವ ಕಥೆ. ಮೃತ ಸಮುದ್ರದ ಕುಮ್ರಾನ್ ಗವಿಗಳಲ್ಲಿ ಇದರ ಅರಮೇಯ ತುಣುಕುಗಳು ಸಿಕ್ಕಿವೆ. ಇಥಿಯೋಪಿಯದ ಚರ್ಚು ಇಂದಿಗೂ ಇದನ್ನು ಬೈಬಲಿನ ಭಾಗವಾಗಿಯೇ ಓದುತ್ತದೆ. ಉಳಿದ ಚರ್ಚುಗಳು ಕೈಬಿಟ್ಟವು. ಹೀಗೆ ಬಿಟ್ಟಿದ್ದರಿಂದ ದೆವ್ವಗಳಿಗೆ ಅಪ್ಪ, ಅಮ್ಮ, ವಂಶವೃಕ್ಷ ಇಲ್ಲವಾಯಿತು. ಉಳಿದದ್ದು ಒಂದೇ ವಿವರಣೆ: ಅವು ಕೆಟ್ಟುಹೋದ ದೇವದೂತರು.

ಆ ವಿವರಣೆಯನ್ನು ಬಿಗಿಯಾಗಿ ಕಟ್ಟಿದವನು ಅಗಸ್ಟಿನ್. ಕೆಡುಕು ಒಂದು ವಸ್ತುವಲ್ಲ, ಒಳಿತಿನ ಕೊರತೆ ಎಂಬುದು ಅವನ ವಾದದ ಬುಡ. ತೂತಿಗೆ ಸ್ವಂತ ಅಸ್ತಿತ್ವವಿಲ್ಲ. ಬಟ್ಟೆ ಇದ್ದರೆ ತಾನೆ ತೂತು? 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಅಧಿಕೃತವಾಗಿ ಸಾರಿತು: ಸೈತಾನನನ್ನೂ ಉಳಿದ ದೆವ್ವಗಳನ್ನೂ ದೇವರು ಒಳ್ಳೆಯವರನ್ನಾಗಿಯೇ ಸೃಷ್ಟಿಸಿದ, ಅವರು ತಮ್ಮಷ್ಟಕ್ಕೆ ತಾವೇ ಕೆಟ್ಟರು. ಆ ಮಾತಿನ ಗುರಿ, ಕೆಡುಕಿಗೂ ಸಮಬಲದ ಇನ್ನೊಬ್ಬ ಒಡೆಯನಿದ್ದಾನೆ ಎನ್ನುತ್ತಿದ್ದ ಕ್ಯಾಥರ್ ಪಂಥ. ಅದೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಮುಂದುವರಿಸಿ ಹೇಳಿದ: ದೆವ್ವಗಳಿಗೆ ದೇಹವಿಲ್ಲ, ಬುದ್ಧಿಶಕ್ತಿ ದೇವದೂತರಾಗಿದ್ದಾಗ ಇದ್ದಷ್ಟೇ ಇದೆ, ಕೆಟ್ಟದ್ದು ಸ್ವಭಾವವಲ್ಲ, ಸಂಕಲ್ಪ.

ಇದನ್ನು ಒಪ್ಪಿದ ಮೇಲೆ ವರ್ಗೀಕರಣಕ್ಕೆ ಜಾಗ ಎಲ್ಲಿ ಉಳಿಯಿತು? ಹಾವುಗಳನ್ನು ವಿಂಗಡಿಸಬಹುದು, ನಾಗರಕ್ಕೂ ಕೇರೆಗೂ ಸ್ವಭಾವದಲ್ಲೇ ಭೇದವಿದೆ. ದೆವ್ವಕ್ಕೆ ದೆವ್ವವಾಗಿ ಸ್ವಂತ ಸ್ವಭಾವವೇ ಇಲ್ಲ ಎಂದ ಮೇಲೆ ‘ಕಾಮದ ದೆವ್ವ’ ಒಂದು ಜಾತಿ, ‘ಹೊಟ್ಟೆಬಾಕತನದ ದೆವ್ವ’ ಇನ್ನೊಂದು ಜಾತಿ ಎಂಬುದು ನಿಲ್ಲುವುದಿಲ್ಲ. ಅಕ್ವಿನಾಸನಿಗೆ ಇದು ಗೊತ್ತಿತ್ತು. ದೆವ್ವಗಳಲ್ಲಿ ಮೇಲುಕೀಳಿದೆ ಎಂದು ಅವನು ಒಪ್ಪುತ್ತಾನೆ. ಆದರೆ ಆ ಮೇಲುಕೀಳು ದೇವದೂತರಾಗಿದ್ದಾಗಿನ ಉಳಿಕೆ, ಪಾಪದಿಂದ ಬಂದ ಬಿರುದಲ್ಲ. ಪಟ್ಟಿಕಾರರು ಈ ಸೂಕ್ಷ್ಮವನ್ನು ದಾಟಿ ಹೋದರು. ಸುಮಾರು 500ನೇ ಇಸವಿಯ ಹೊತ್ತಿಗೆ ಡಯೊನೀಸಿಯಸ್ ಎಂಬ ಹೆಸರಿನಲ್ಲಿ ಬಂದ ಗ್ರಂಥವೊಂದು ಸ್ವರ್ಗದಲ್ಲಿ ಒಂಬತ್ತು ಗಣಗಳನ್ನು ಹೇಳಿತ್ತು. ಅದನ್ನೇ ತಲೆಕೆಳಗು ಮಾಡಿದರೆ ನರಕದ ನಕ್ಷೆ ಸಿದ್ಧ. ಮಿಕೇಲಿಸನ ಮೂರು ಶ್ರೇಣಿಗಳ ಅಚ್ಚು ಇದೇ.

ಇನ್ನು ಹೆಸರುಗಳು. ಜರ್ಮನಿಯ ಟ್ರಿಯರ್ ಪಟ್ಟಣದ ಸಹಾಯಕ ಬಿಷಪ್ ಪೀಟರ್ ಬಿನ್ಸ್‌ಫೆಲ್ಡ್‌ನದೆಂದು, 1589ರದೆಂದು ಹೇಳುವ ಏಳು ಪಾಪಗಳ ಏಳು ದೆವ್ವಗಳ ಪಟ್ಟಿ ಬಹಳ ಪ್ರಸಿದ್ಧ. ಲೂಸಿಫರ್ ಅಹಂಕಾರ, ಮಾಮ್ಮೋನ್ ದುರಾಸೆ, ಅಸ್ಮೊದೇಯ ಕಾಮ, ಲೆವಿಯಾಥಾನ್ ಹೊಟ್ಟೆಕಿಚ್ಚು, ಬೆಲ್ಜೆಬೂಬ್ ಹೊಟ್ಟೆಬಾಕತನ, ಸೈತಾನ ಕೋಪ, ಬೆಲ್ಫೆಗೊರ್ ಸೋಮಾರಿತನ. ಒಬ್ಬೊಬ್ಬರ ಜಾತಕ ತೆಗೆದು ನೋಡಿ.

ಲೂಸಿಫರ್ ಎಂದರೆ ಲ್ಯಾಟಿನ್ನಿನಲ್ಲಿ ಬೆಳ್ಳಿಚುಕ್ಕಿ, ಅಷ್ಟೆ. ಯೆಶಾಯನ ಗ್ರಂಥದ 14ನೇ ಅಧ್ಯಾಯದಲ್ಲಿ ಬಾಬಿಲೋನಿನ ರಾಜನೊಬ್ಬನನ್ನು ಮುಂಜಾವಿನ ನಕ್ಷತ್ರವೆಂದು ಹಂಗಿಸಿ ಕರೆದದ್ದನ್ನು ಲ್ಯಾಟಿನ್ ಅನುವಾದ ಆ ಪದದಿಂದ ಹೇಳಿತು. ಓದುಗರು ಅದನ್ನೇ ಅಂಕಿತನಾಮ ಮಾಡಿಕೊಂಡರು. ಸೋಜಿಗವೆಂದರೆ, ಈಸ್ಟರ್ ಹಿಂದಿನ ರಾತ್ರಿ ಮೇಣದ ದೀಪ ಹಚ್ಚಿ ಹಾಡುವ ಹಳೆಯ ಲ್ಯಾಟಿನ್ ಸ್ತುತಿಯಲ್ಲಿ ಅದೇ ಪದ ಕ್ರಿಸ್ತನನ್ನು ಸೂಚಿಸುತ್ತದೆ. ಮಾಮ್ಮೋನ್ ಅರಮೇಯದಲ್ಲಿ ಹಣಕಾಸು ಎಂಬ ಸಾದಾ ಪದ. ಲೆವಿಯಾಥಾನ್ ಕಡಲಿನ ಮಹಾಜಂತು. ಬೆಲ್ಜೆಬೂಬ್ ಫಿಲಿಷ್ಟಿಯರ ಎಕ್ರೋನ್ ಪಟ್ಟಣದ ದೇವರು. ಕಾಯಿಲೆ ಬಿದ್ದ ಇಸ್ರಾಯೇಲಿನ ಅರಸ ಅಹಜ್ಯ ತಾನು ಬದುಕುತ್ತೇನೋ ಇಲ್ಲವೋ ಎಂದು ಕೇಳಲು ಆಳುಗಳನ್ನು ಕಳಿಸಿದ್ದು ಆ ದೇವರ ಬಳಿಗೆ. ಬೆಲ್ಫೆಗೊರ್ ಮೋವಾಬಿನ ಬಾಳ್ ಪೆಗೋರ್ ಎಂಬ ದೇವರು. ಅಸ್ಮೊದೇಯನ ಹೆಸರು ಪರ್ಷಿಯದ ಕ್ರೋಧದೈತ್ಯ ಐಷ್ಮನಿಂದ ಬಂದದ್ದೆಂದು ವಿದ್ವಾಂಸರು ಹೇಳುತ್ತಾರೆ. ಗಡಿ ದಾಟುವಷ್ಟರಲ್ಲಿ ಕೋಪ ಹೋಗಿ ಕಾಮ ಅಂಟಿತು. ಸೈತಾನನಂತೂ ಆಗಲೇ ಹೇಳಿದ ವಕೀಲ. ಒಟ್ಟಿನಲ್ಲಿ ಒಂದು ನಕ್ಷತ್ರ, ಒಂದು ಹಣದ ಪದ, ಒಂದು ಜಂತು, ಇಬ್ಬರು ನೆರೆಯ ದೇವರು, ಒಬ್ಬ ವಲಸಿಗ, ಒಂದು ಹುದ್ದೆ. ಇವರೆಲ್ಲ ಒಂದೇ ಸ್ವರ್ಗದಿಂದ ಬಿದ್ದವರು ಎಂದು ನಂಬುವುದು ಕಷ್ಟ.

ಖಾತೆಗಳೂ ಸ್ಥಿರವಲ್ಲ. ಬಿನ್ಸ್‌ಫೆಲ್ಡ್‌ಗಿಂತ ಸುಮಾರು 180 ವರ್ಷ ಮೊದಲಿನ ಇಂಗ್ಲೆಂಡಿನ ‘ಲ್ಯಾಂಟರ್ನ್ ಆಫ್ ಲೈಟ್’ ಎಂಬ ಹೊತ್ತಗೆಯಲ್ಲಿ ಬೆಲ್ಜೆಬೂಬನದು ಹೊಟ್ಟೆಕಿಚ್ಚು, ಬೆಲ್ಫೆಗೊರನದು ಹೊಟ್ಟೆಬಾಕತನ, ಸೋಮಾರಿತನ ಅಬದ್ದೋನ್ ಎಂಬ ಇನ್ನೊಬ್ಬನದು. ಮಿಕೇಲಿಸ್ ಬರುವ ಹೊತ್ತಿಗೆ ಬೆಲ್ಜೆಬೂಬನಿಗೆ ಅಹಂಕಾರದ ಖಾತೆಗೆ ಬಡ್ತಿ. ಸಂಪುಟ ಪುನಾರಚನೆ ನಮ್ಮ ವಿಧಾನಸೌಧಕ್ಕೆ ಮಾತ್ರ ಮೀಸಲಲ್ಲ.

ನೆರೆಯವರ ದೇವರನ್ನು ದೆವ್ವ ಮಾಡುವ ಈ ಕೆಲಸ ಶುರುವಾದದ್ದು ಒಂದು ಅನುವಾದದ ಮೇಜಿನಲ್ಲಿ. ಗ್ರೀಕಿನಲ್ಲಿ ‘ದೈಮೋನ್’ ಎಂದರೆ ಕೆಟ್ಟದ್ದೇನಲ್ಲ. ದೇವರಿಗೂ ಮನುಷ್ಯನಿಗೂ ನಡುವಿನ ಶಕ್ತಿ. ತಪ್ಪು ಮಾಡಹೊರಟಾಗ ತಡೆಯುತ್ತಿದ್ದ ಒಳದನಿಯನ್ನು ಸಾಕ್ರಟೀಸ್ ಆ ಪದದಿಂದಲೇ ಗುರುತಿಸುತ್ತಿದ್ದ. ಕ್ರಿಸ್ತಪೂರ್ವದಲ್ಲಿ ಯೆಹೂದಿ ಗ್ರಂಥಗಳು ಗ್ರೀಕಿಗೆ ಬಂದಾಗ ಹೀಬ್ರೂವಿನ ಬೇರೆಬೇರೆ ಪದಗಳು ಈ ಒಂದೇ ಪದದ ಚೀಲ ಸೇರಿದವು. ಕೀರ್ತನೆಗಳ ಒಂದು ಕಡೆ, ಅನ್ಯಜನರ ದೇವರುಗಳು ಕೆಲಸಕ್ಕೆ ಬಾರದವು ಎಂಬರ್ಥದ ಹೀಬ್ರೂ ಮಾತು ಗ್ರೀಕಿಗೆ ಬರುವಾಗ ಅವು ದೈಮೋನ್‌ಗಳು ಎಂದಾಯಿತು. ಎಂಥ ವ್ಯತ್ಯಾಸ ನೋಡಿ. ನಿನ್ನ ದೇವರು ಬರೀ ಕಲ್ಲು ಎಂದರೆ ವಾದ ಮಾಡಬಹುದು, ನಕ್ಕು ಸುಮ್ಮನಾಗಬಹುದು. ನಿನ್ನ ದೇವರು ನಿಜವಾಗಿಯೂ ಇದ್ದಾನೆ, ಆದರೆ ಅವನು ದೆವ್ವ ಎಂದರೆ ಮಾತಿಗೆ ಜಾಗವಿಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಎರಡನ್ನೂ ಹೇಳುತ್ತಾನೆ. 8ನೇ ಅಧ್ಯಾಯದಲ್ಲಿ ವಿಗ್ರಹ ಏನೂ ಅಲ್ಲ. 10ನೆಯದಕ್ಕೆ ಬರುವಷ್ಟರಲ್ಲಿ ಅದಕ್ಕೆ ಅರ್ಪಿಸಿದ್ದು ದೆವ್ವಗಳಿಗೆ ಸಲ್ಲುತ್ತದೆ. ಮುಂದಿನವರು ಬಿಗಿಹಿಡಿದದ್ದು ಎರಡನೆಯ ಮಾತನ್ನು.

ಕನ್ನಡದವರಿಗೆ ಈ ದಾರಿ ಹೊಸದಲ್ಲ. ನಮ್ಮ ‘ದೆವ್ವ’ ಎಂಬ ಪದವೇ ದೇವ, ದೈವಗಳ ಬಳಗದ್ದು. ಕನ್ನಡ ಬೈಬಲಿನಲ್ಲಿ ಯೇಸು ಬಿಡಿಸುವುದು ದೆವ್ವವನ್ನೇ, ಹಾಗಾಗಿ ಗ್ರೀಕಿನ ಪದ ಮುಗ್ಗರಿಸಿದ ಮೆಟ್ಟಿಲಲ್ಲೇ ಕನ್ನಡದ ಪದವೂ ಮುಗ್ಗರಿಸಿ ನಿಂತಿದೆ. ಗೋವೆಯ ಹಿಂದೂಗಳಿಗೆ ದೇವಚಾರ ಊರು ಕಾಯುವ ಶಕ್ತಿ. ಕೊಂಕಣಿ ಕ್ಯಾಥೊಲಿಕರ ಬಾಯಲ್ಲಿ ‘ದೆವ್ಚಾರ್’ ಎಂದರೆ ಸೈತಾನ. ತುಳುನಾಡಿನ ದೈವಾರಾಧನೆಯ ಬಗ್ಗೆ ಎ.ಸಿ. ಬರ್ನೆಲ್ ಕೂಡಿಟ್ಟ ಸಾಮಗ್ರಿ ಅವನು ತೀರಿಕೊಂಡ ಮೇಲೆ, 1894ರಿಂದ, ಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬಂತು. ಅದರ ತಲೆಬರಹ ‘ತುಳುವರ ದೆವ್ವಪೂಜೆ’ ಎಂಬರ್ಥದ್ದು. ಜುಮಾದಿಯೂ ಪಂಜುರ್ಲಿಯೂ ಎಕ್ರೋನಿನ ದೇವರ ಪಕ್ಕಕ್ಕೆ ಹೋಗಿ ಕೂತರು. ಹಾಗೆಂದು ಲೆಕ್ಕ ಅಷ್ಟಕ್ಕೇ ಚುಕ್ತಾ ಆಗುವುದಿಲ್ಲ. ಅದೇ ದೈವಗಳ ಪಾಡ್ದನಗಳನ್ನು ಜತನದಿಂದ ಸಂಗ್ರಹಿಸಿ 1886ರಲ್ಲಿ ಮೊದಲಿಗೆ ಅಚ್ಚು ಹಾಕಿದ್ದು ಮಂಗಳೂರಿನ ಬಾಸೆಲ್ ಮಿಶನ್ನಿನ ಛಾಪಖಾನೆ.

ನಮ್ಮ ನೆರೆಮನೆಯ ಬಾಯಮ್ಮ ನೆನಪಾಗುತ್ತಾರೆ. ಕೋಲದ ರಾತ್ರಿ ಗದ್ದೆಯಾಚೆಯಿಂದ ತಾಸೆಯ ಸದ್ದು ಕೇಳಿಸಿದರೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಕಿಟಕಿ ಮುಚ್ಚುವರು. ಮಾರನೆಯ ಬೆಳಿಗ್ಗೆ ನನ್ನ ಅಮ್ಮನನ್ನು ಬೇಲಿಯ ಬಳಿ ನಿಲ್ಲಿಸಿಕೊಂಡು, ದೈವ ಯಾರಿಗೆ ಏನು ನುಡಿ ಕೊಟ್ಟಿತು ಎಂದು ಒಂದೂ ಬಿಡದೆ ಕೇಳುವರು.

ಇನ್ನು ಅಪವಾದದ ಮಾತು.

ಎವಾಗ್ರಿಯಸ್ ಪೊಂಟಿಕಸ್ 4ನೇ ಶತಮಾನದವನು. ಕಾನ್‌ಸ್ಟಾಂಟಿನೋಪಲಿನಲ್ಲಿ ಹೆಸರು ಮಾಡುತ್ತಿದ್ದ ತರುಣ ಡೀಕನ್. ಮದುವೆಯಾಗಿದ್ದ ಹೆಂಗಸೊಬ್ಬಳ ಮೇಲೆ ಮನಸ್ಸಾಗಿ, ಅದರಿಂದ ತಪ್ಪಿಸಿಕೊಳ್ಳಲು ಊರು ಬಿಟ್ಟು, ಜೆರುಸಲೇಮಿನ ಮೂಲಕ ಈಜಿಪ್ಟಿನ ಮರುಭೂಮಿ ಸೇರಿದ. 399ರಲ್ಲಿ ಅಲ್ಲೇ ಸತ್ತ. ಅವನೂ ಒಂದು ಪಟ್ಟಿ ಮಾಡಿದ. ಎಂಟು ಕೆಟ್ಟ ಯೋಚನೆಗಳು: ಹೊಟ್ಟೆಬಾಕತನ, ಕಾಮ, ದುಡ್ಡಿನಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯಾಸೆ, ಅಹಂಕಾರ. ಒಂದೊಂದರ ಹಿಂದೆಯೂ ಒಂದು ದೆವ್ವ. ನಮ್ಮ ಅರಿಷಡ್ವರ್ಗ ಬಲ್ಲವರು ಇದರಲ್ಲೇನು ಹೊಸದು ಎನ್ನಬಹುದು. ಹೊಸದಿರುವುದು ಅವನು ಪಟ್ಟಿಗೆ ಸಾಮಗ್ರಿ ತಂದ ಜಾಗದಲ್ಲಿ.

ಬೇಸರದ ದೆವ್ವದ ಬಗ್ಗೆ ಅವನು ಬರೆದದ್ದರ ಸಾರ ಹೀಗೆ. ಇದು ಬೆಳಿಗ್ಗೆ ಹತ್ತರ ಸುಮಾರಿಗೆ ಬಂದು ಮಧ್ಯಾಹ್ನ ಎರಡರವರೆಗೆ ಸನ್ಯಾಸಿಯನ್ನು ಸುತ್ತುವರಿಯುತ್ತದೆ. ಮೊದಲು ಸೂರ್ಯ ನಿಂತಲ್ಲೇ ನಿಂತ ಹಾಗೆ, ದಿನಕ್ಕೆ ಐವತ್ತು ತಾಸು ಇದ್ದ ಹಾಗೆ ತೋರುತ್ತದೆ. ಆಮೇಲೆ ಅವನನ್ನು ಕಿಟಕಿಗೆ ಎಳೆಯುತ್ತದೆ, ಗುಡಿಸಲಿನ ಹೊರಗೆ ನಿಲ್ಲಿಸುತ್ತದೆ, ಊಟದ ಹೊತ್ತಿಗೆ ಇನ್ನೆಷ್ಟಿದೆ ಎಂದು ಬಿಸಿಲು ಅಳೆಯಿಸುತ್ತದೆ. ಯಾರಾದರೂ ಬರುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿಸುತ್ತದೆ. ಮುಂದೆ, ಈ ಜಾಗವೇ ಸರಿಯಿಲ್ಲ, ಕೈಯಲ್ಲಿರುವ ಕೆಲಸ ಸರಿಯಿಲ್ಲ, ಇಲ್ಲಿನವರಲ್ಲಿ ಪ್ರೀತಿಯೇ ಉಳಿದಿಲ್ಲ ಅನ್ನಿಸುತ್ತದೆ. ಮೊನ್ನೆ ಯಾರೋ ಆಡಿದ ಮಾತು ಆಗಲೇ ನೆನಪಾಗಬೇಕು. ಬೇರೆ ಊರಿಗೆ ಹೋದರೆ ಬದುಕು ಸಲೀಸು, ದೇವರನ್ನು ಎಲ್ಲಿದ್ದರೂ ನೆನೆಯಬಹುದಲ್ಲ ಎಂಬ ಜಾಣ ವಾದ. ಮನೆಯವರ ನೆನಪು. ಮುಂದಿರುವ ಉದ್ದಾನುದ್ದ ಮುಪ್ಪು. ಕೀರ್ತನೆಗಳ ಗ್ರೀಕ್ ಪಾಠದಲ್ಲಿ ಬರುವ ನಡುಹಗಲಿನ ದೆವ್ವ ಇದೇ ಎಂದು ಅವನು ಗುರುತಿಸಿದ. ಆಫೀಸಿನಲ್ಲಿ ಊಟಕ್ಕೆ ಮುಂಚಿನ ಆ ಒಂದು ಗಂಟೆಯಲ್ಲಿ ಕೈ ತಾನಾಗಿ ಮೊಬೈಲಿಗೆ ಹೋಗುವುದನ್ನು ಬಲ್ಲವರಿಗೆ 1600 ವರ್ಷದ ದೂರ ಕಾಣಿಸುವುದಿಲ್ಲ.

ಹೊಗಳಿಕೆಯಾಸೆಯ ದೆವ್ವದ ಚಿತ್ರವಂತೂ ಇನ್ನೂ ಚುರುಕು. ಗುಡಿಸಲಲ್ಲಿ ಒಬ್ಬನೇ ಕೂತ ಸನ್ಯಾಸಿಗೆ ತಾನು ರೋಗಿಗಳನ್ನು ವಾಸಿ ಮಾಡುತ್ತಿರುವಂತೆ, ಜನ ತನ್ನ ಬಟ್ಟೆಯ ಅಂಚು ಮುಟ್ಟಲು ನೂಕಾಡುತ್ತಿರುವಂತೆ, ಒಲ್ಲೆನೆಂದರೂ ಬಿಡದೆ ಕಟ್ಟಿ ಹೊತ್ತೊಯ್ದು ಪಾದ್ರಿ ಮಾಡುವಂತೆ ಕಾಣುತ್ತದೆ. ಕಟ್ಟಿ ಹೊತ್ತೊಯ್ಯುವುದನ್ನೂ ಸೇರಿಸಿದ್ದಾನಲ್ಲ, ಇದನ್ನು ತನ್ನೊಳಗೆ ಕಾಣದವನು ಬರೆಯಲಾರ. ಬೇರೆ ದೆವ್ವಗಳನ್ನು ಗೆದ್ದಾಗಲೇ ಇದು ಬರುತ್ತದೆ, ಗೆದ್ದ ಹೆಮ್ಮೆಯ ರೂಪದಲ್ಲಿ. ಇದಕ್ಕೂ ಕಾಮಕ್ಕೂ ಪರಸ್ಪರ ಆಗದು. ಆದ್ದರಿಂದ ಒಂದರಿಂದ ಇನ್ನೊಂದನ್ನು ಹೊರದೂಡಬಹುದು ಎನ್ನುತ್ತಾನೆ. ಅವನು ಕೊಟ್ಟ ಹೋಲಿಕೆ ಮೊಳೆಯಿಂದ ಮೊಳೆ ಕೀಳುವುದು. ನಾವು ಮುಳ್ಳು ಎನ್ನುತ್ತೇವೆ. ದೆವ್ವಗಳನ್ನು ಅರಿಯಬೇಕೆಂದಿರುವವನಿಗೆ ಅವನು ಹೇಳಿಕೊಟ್ಟ ಕ್ರಮವೂ ಇದಕ್ಕೆ ತಕ್ಕದ್ದು. ನಿನ್ನ ಯೋಚನೆಗಳನ್ನು ಗಮನಿಸು: ಯಾವುದು ಯಾವಾಗ ಏರುತ್ತದೆ, ಯಾವಾಗ ಇಳಿಯುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ. ಯೋಚನೆ ಬರುವುದು ನಮ್ಮ ಕೈಲಿಲ್ಲ. ಅದು ಬಿಡಾರ ಹೂಡುವುದೋ ಬಿಡುವುದೋ ನಮ್ಮ ಕೈಲಿದೆ.

ಅವನನ್ನು ಇಂದಿನ ಮನಶ್ಶಾಸ್ತ್ರಜ್ಞನನ್ನಾಗಿ ಮಾಡುವುದು ಬೇಡ. ದೆವ್ವಗಳು ಹೊರಗೆ ನಿಜವಾಗಿ ಇವೆ ಎಂದೇ ಅವನು ನಂಬಿದ್ದ. ಆದರೆ ಅವು ಕಣ್ಣಿಗೆ ಬೀಳುವ ಒಂದೇ ಜಾಗ ನೋಡುವವನ ಸ್ವಂತ ಮನಸ್ಸು. ಹಾಗಾಗಿ ಅವನ ಪಟ್ಟಿ ಹಿಡಿದುಕೊಂಡು ನೆರೆಯವನ ಮನೆ ಬಾಗಿಲು ಬಡಿಯಲು ಬರುವುದಿಲ್ಲ. ಸಿದ್ಧಾಂತದ ಜೊತೆಗೂ ಇದು ಜಗಳವಾಡುವುದಿಲ್ಲ. ದೆವ್ವದ ಕೆಡುಕು ಸ್ವಭಾವದಲ್ಲಿಲ್ಲ, ಸಂಕಲ್ಪದಲ್ಲಿದೆ ಎಂದಾದರೆ, ವಿಂಗಡಿಸಬಹುದಾದದ್ದು ಅದು ನಮ್ಮ ಸಂಕಲ್ಪವನ್ನು ಎಳೆಯುವ ಬಗೆಗಳನ್ನು ಮಾತ್ರ.

6ನೇ ಶತಮಾನದಲ್ಲಿ ಚರ್ಚು ಎವಾಗ್ರಿಯಸ್‌ನ ಕೆಲವು ವಿಚಾರಗಳನ್ನು ಪಾಷಂಡವೆಂದು ಖಂಡಿಸಿತು. ಹೆಸರು ಕೆಟ್ಟರೂ ಪಟ್ಟಿ ಉಳಿಯಿತು. ಜಾನ್ ಕ್ಯಾಸಿಯನ್ ಅದನ್ನು ಆಗಲೇ ಲ್ಯಾಟಿನ್ ಲೋಕಕ್ಕೆ ಒಯ್ದಿದ್ದ. ಪೋಪ್ ಮಹಾ ಗ್ರೆಗೊರಿ ಎಂಟನ್ನು ಏಳು ಮಾಡಿದ. ಆ ಏಳೇ ಕೈಯಿಂದ ಕೈ ದಾಟಿ ಬಿನ್ಸ್‌ಫೆಲ್ಡ್‌ನ ಹೆಸರಿಗೆ ಬಂದು ಸೇರಿದ್ದು. ಒಳಗೆ ನೋಡಲು ಮಾಡಿದ ಪಟ್ಟಿಗೆ ಬಾಳ್ ದೇವರುಗಳ ಮುಖವಾಡ ತೊಡಿಸಿ ಹೊರಗೆ ನಿಲ್ಲಿಸಿದರು.

ಹೊರಗೆ ಏನಾಯಿತೆಂದರೆ, ಬಿನ್ಸ್‌ಫೆಲ್ಡ್‌ನ ಆ 1589ರ ಗ್ರಂಥದ ಮುಖ್ಯ ಪ್ರಶ್ನೆ ಬೇರೆಯೇ: ಮಾಟಗಾತಿಯರು ತಪ್ಪೊಪ್ಪಿಕೊಳ್ಳುವಾಗ ಬೇರೆಯವರ ಹೆಸರು ಹೇಳಿದರೆ ನಂಬಬಹುದೇ? ನಂಬಬಹುದು ಎಂದ. ಚಿತ್ರಹಿಂಸೆಯಲ್ಲಿ ಬಾಯಿಬಿಟ್ಟ ಹೆಸರುಗಳು ಅವು. ಟ್ರಿಯರ್ ಸುತ್ತಲಿನ 20ಕ್ಕೂ ಹೆಚ್ಚು ಹಳ್ಳಿಗಳಲ್ಲಿ ಆ ವರ್ಷಗಳಲ್ಲಿ ಸುಟ್ಟವರ ಸಂಖ್ಯೆ 360 ದಾಟುತ್ತದೆ. ವಿಚಾರಣೆಗಳಲ್ಲಿ ಮೃದುವಾಗಿದ್ದ ನ್ಯಾಯಾಧೀಶ ಡೀಟ್ರಿಚ್ ಫ್ಲಾಡೆಯ ಮೇಲೂ ಅದೇ ಆರೋಪ ಬಂತು. 1589ರಲ್ಲಿ ಅವನೂ ಹೋದ. ಇದು ತಪ್ಪೆಂದು ಪುಸ್ತಕ ಬರೆದ ಕಾರ್ನೀಲಿಯಸ್ ಲೋಸ್ ಎಂಬ ಪಾದ್ರಿಯನ್ನು ಸೆರೆಯಲ್ಲಿಟ್ಟು ಮಾತು ಹಿಂತೆಗೆಸಿದರು.

ಪಟ್ಟಿಯನ್ನು ಗೇಲಿ ಮಾಡಲು ಪಟ್ಟಿಯನ್ನೇ ಬಳಸಿದವನೂ ಒಬ್ಬನಿದ್ದ. ಕ್ಲೀವ್ಸ್‌ನ ಡ್ಯೂಕನ ವೈದ್ಯ ಯೋಹಾನ್ ವೇಯರ್. ಮಾಟಗಾತಿಯರೆಂದು ಸುಡುತ್ತಿರುವುದು ಮನಸ್ಸು ಕೆಟ್ಟ ಮುದುಕಿಯರನ್ನು ಎಂದು 1563ರಲ್ಲೇ ವಾದಿಸಿದವನು. 1577ರಲ್ಲಿ ತನ್ನ ಪುಸ್ತಕಕ್ಕೆ ದೆವ್ವಗಳ ಸುಳ್ಳು ಸಾಮ್ರಾಜ್ಯ ಎಂಬರ್ಥದ ಅನುಬಂಧ ಸೇರಿಸಿದ: 69 ದೆವ್ವಗಳು, ಅವುಗಳ ರಾಜ, ಡ್ಯೂಕ್ ಬಿರುದುಗಳು, ಕೈಕೆಳಗಿನ ಸೈನ್ಯ. ಮೊದಲನೆಯವನಾದ ಬಾಯೆಲ್‌ಗೆ ಕಪ್ಪೆಯದು, ಮನುಷ್ಯನದು, ಬೆಕ್ಕಿನದು ಎಂದು ಮೂರು ತಲೆ, 66 ದಂಡು. ಕಾನಾನ್ಯರ ಅಸ್ತಾರ್ತೆ ದೇವಿ ಇಲ್ಲಿ ಗಂಡಾಗಿ, ಕೈಯಲ್ಲಿ ಹಾವು ಹಿಡಿದು ಬರುತ್ತಾಳೆ, ಅಲ್ಲ, ಬರುತ್ತಾನೆ. ಇದನ್ನು ಓದಿ ಜನ ನಗಲಿ ಎಂಬುದು ವೇಯರನ ಲೆಕ್ಕ. ಆದದ್ದೇ ಬೇರೆ. ಮುಂದಿನ ಶತಮಾನದ ಮಂತ್ರವಾದಿಗಳು ಅದನ್ನು ಗಂಭೀರವಾಗಿ ತೆಗೆದುಕೊಂಡು 72ಕ್ಕೆ ಬೆಳೆಸಿದರು. ಒಟ್ಟು ದೆವ್ವಗಳ ಸಂಖ್ಯೆ 74,05,926 ಎಂಬ ಲೆಕ್ಕವೂ ವೇಯರನ ಹೆಸರಿನಲ್ಲಿ ಓಡಾಡುತ್ತದೆ. ಅದು 1,111ನ್ನು 6,666ರಿಂದ ಗುಣಿಸಿದ ಉತ್ತರ. ಪುಸ್ತಕದ ಅಂಗಡಿಯಲ್ಲಿ, ಸಿನಿಮಾದಲ್ಲಿ, ವಿಡಿಯೊ ಗೇಮಿನಲ್ಲಿ ಇಂದು ಸಿಗುವ ಕ್ರೈಸ್ತ ದೆವ್ವಶಾಸ್ತ್ರದ ಬಹುಪಾಲು ಬೆಳೆದದ್ದು ಆ ವೈದ್ಯನ ಕುಚೋದ್ಯದ ಮಣ್ಣಿನಲ್ಲಿ.

ಹೆಸರಿಡುವುದೇ ತಪ್ಪೇ, ವೈದ್ಯರೂ ರೋಗಕ್ಕೆ ಹೆಸರಿಡುತ್ತಾರಲ್ಲ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. 1614ರ ರೋಮನ್ ವಿಧಿಗ್ರಂಥವೂ ಗುರುಗಳಿಗೆ ಮೊದಲು ಹೇಳುವುದು, ದೆವ್ವ ಹಿಡಿದಿದೆ ಎಂದು ಸುಲಭಕ್ಕೆ ನಂಬಬೇಡಿ ಎಂದೇ. ಬಿಷಪ್ಪರ ಅಪ್ಪಣೆಯಿಲ್ಲದೆ ಯಾವ ಪಾದ್ರಿಯೂ ದೆವ್ವ ಬಿಡಿಸುವಂತಿಲ್ಲ ಎಂಬುದು ಇಂದಿಗೂ ಕ್ಯಾಥೊಲಿಕ್ ನಿಯಮ. ಆದರೆ ಅದೇ 1614ರ ವಿಧಿಯಲ್ಲಿ ದೆವ್ವಕ್ಕೆ ಹೆಸರು ಹೇಳು ಎಂದು ಆಜ್ಞೆ ಮಾಡುವ ಭಾಗವೂ ಇತ್ತು. ಹೆಸರು ಕೇಳಿದರೆ ಹೆಸರು ಬರುತ್ತದೆ. 1975ರಿಂದ 76ರವರೆಗೆ ಜರ್ಮನಿಯ ಕ್ಲಿಂಗೆನ್‌ಬರ್ಗ್‌ನಲ್ಲಿ ಆನೆಲೀಸೆ ಮಿಷೆಲ್ ಎಂಬ ವಿದ್ಯಾರ್ಥಿನಿಯ ಮೇಲೆ, ಬಿಷಪ್ಪರ ಅಪ್ಪಣೆ ಪಡೆದೇ, 67 ಸಲ ಈ ವಿಧಿ ನಡೆಯಿತು. ಮೂರ್ಛೆರೋಗಕ್ಕೆ ವರ್ಷಗಟ್ಟಲೆ ಔಷಧಿ ತೆಗೆದುಕೊಂಡಿದ್ದವಳು. ಧ್ವನಿಮುದ್ರಿಕೆಯಲ್ಲಿ ಬಂದ ಹೆಸರುಗಳು: ಲೂಸಿಫರ್, ಕಾಯಿನ, ಯೂದ, ನೀರೋ, ಕೆಟ್ಟುಹೋದ ಒಬ್ಬ ಹಳೆಯ ಪಾದ್ರಿ, ಹಿಟ್ಲರ್. ಭಕ್ತ ಮನೆಯೊಂದರ ಜರ್ಮನ್ ಹುಡುಗಿಗೆ ಭಾನುವಾರದ ಪಾಠದಲ್ಲೂ ಶಾಲೆಯ ಚರಿತ್ರೆಯಲ್ಲೂ ಸಿಕ್ಕಿರಬಹುದಾದ ಕೆಟ್ಟವರೆಲ್ಲ ಹಾಜರಿದ್ದರು, ಎಕ್ರೋನಿನ ದೇವರೊಬ್ಬ ಬಿಟ್ಟು. ಊಟ ನಿಂತು ಸುಮಾರು 30 ಕಿಲೋಗೆ ಇಳಿದಿದ್ದ ಅವಳು 1976ರ ಜುಲೈ 1ರಂದು, 23ನೇ ವಯಸ್ಸಿನಲ್ಲಿ ತೀರಿಕೊಂಡಳು. ತಂದೆತಾಯಿಗೂ ಇಬ್ಬರು ಪಾದ್ರಿಗಳಿಗೂ 1978ರಲ್ಲಿ ನಿರ್ಲಕ್ಷ್ಯದ ಸಾವಿಗಾಗಿ ಶಿಕ್ಷೆಯಾಯಿತು. ವೈದ್ಯರು ಇಡುವ ಹೆಸರಿನ ಹಿಂದೆ ಒಂದು ಮದ್ದೋ ಒಂದು ಪಥ್ಯವೋ ಇರುತ್ತದೆ. ಎವಾಗ್ರಿಯಸ್‌ನ ಹೆಸರುಗಳ ಹಿಂದೆಯೂ ಇತ್ತು: ಒಂದೊಂದು ಯೋಚನೆಗೂ ಎದುರುತ್ತರವಾಗಿ ಹೇಳಿಕೊಳ್ಳಲು ಬೈಬಲಿನ ವಾಕ್ಯಗಳನ್ನು ಅವನು ಒಂದು ಪುಸ್ತಕವಾಗಿಯೇ ಜೋಡಿಸಿಕೊಟ್ಟಿದ್ದ. ಲೂಸಿಫರ್ ಎಂಬ ಹೆಸರು ತಿಳಿದ ಮೇಲೆ ಆ ಹುಡುಗಿಗೆ ಏನು ಕೊಡಬೇಕೆಂದು ಕೋಣೆಯಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಸುವಾರ್ತೆಗಳಲ್ಲಿ ಯೇಸು ಹಲವರಿಂದ ದೆವ್ವ ಬಿಡಿಸುತ್ತಾನೆ. ಹೆಸರು ಕೇಳುವುದು ಒಂದೇ ಪ್ರಸಂಗದಲ್ಲಿ. ಗೆರಸೇನರ ಸೀಮೆಯಲ್ಲಿ ಸಮಾಧಿಗಳ ನಡುವೆ ವಾಸಿಸುತ್ತ, ಸರಪಣಿ ಕಿತ್ತು, ಕಲ್ಲಿನಿಂದ ಮೈ ಗಾಯ ಮಾಡಿಕೊಳ್ಳುತ್ತಿದ್ದವನ ಕಥೆ. ಉತ್ತರವಾಗಿ ಬಂದದ್ದು ಲೆಜಿಯೋನ್, ಅಂದರೆ ರೋಮನ್ ಸೈನ್ಯದ ದಂಡು. ಬೆಂಗಳೂರಿನ ಹಳಬರು ಕಂಟೋನ್ಮೆಂಟನ್ನು ದಂಡು ಎನ್ನುತ್ತಿದ್ದರಲ್ಲ, ಹಾಗೆ ಆ ಸೀಮೆಯವರಿಗೂ ಪರದೇಶದ ಸೈನ್ಯ ಎಂದರೆ ಏನೆಂದು ಚೆನ್ನಾಗಿ ಗೊತ್ತಿತ್ತು. ಯೇಸು ಅದರ ಅರ್ಥ ಕೇಳಲಿಲ್ಲ, ಎಷ್ಟು ಜನ, ಯಾರು ನಾಯಕ ಎಂದೂ ಕೇಳಲಿಲ್ಲ. ದೆವ್ವಗಳು ಸುಮಾರು 2,000 ಹಂದಿಗಳೊಳಗೆ ಹೊಕ್ಕವು, ಹಂದಿಗಳು ಸರೋವರಕ್ಕೆ ಬಿದ್ದವು. ಸುದ್ದಿ ಕೇಳಿ ಊರವರು ಓಡಿ ಬಂದಾಗ ಆ ಮನುಷ್ಯ ಬಟ್ಟೆ ತೊಟ್ಟು, ಬುದ್ಧಿ ತಿಳಿದು, ಸುಮ್ಮನೆ ಕೂತಿದ್ದ. ಅವನನ್ನು ನೋಡಿ ಅವರಿಗೆ ಹೆದರಿಕೆಯಾಯಿತು. ನಮ್ಮ ಸೀಮೆ ಬಿಟ್ಟು ಹೋಗು ಎಂದು ಯೇಸುವನ್ನು ಬೇಡಿಕೊಂಡರು. ವಾಸಿಯಾದವನು ತಾನೂ ಜೊತೆಗೆ ಬರುತ್ತೇನೆಂದು ದೋಣಿಯ ಬಳಿ ಬಂದ. ಯೇಸು ಒಪ್ಪದೆ, ಅವನನ್ನು ಮನೆಗೆ, ಅವನ ಜನರ ಬಳಿಗೆ ಕಳಿಸಿದ.